ಒಳಗಿನ ಅಂಚು

ಒಂದೇ ವಾರದಲ್ಲಿ ಮೂರು ಸಲ ಮಗುಚಿತು ಬೆಲ್ಟು.
ಹಾರ್ಸೆನ್ಸಿನಿಂದ ನನ್ನನ್ನು ಕರೆಸಿದರು:
ಗೆರೆ ಎಳೆದವನು ನೀನೇ ತಾನೇ, ಬಂದು ನೋಡು.

ಫ್ಯಾರೋ ದ್ವೀಪಗಳ ಫುಗ್ಲಾಫ್ಯೋರ್‌ನಲ್ಲಿ
ಮೀನಿನ ಕಾರ್ಖಾನೆ. ಹೊರಗೆ
ಕಾರಿನ ಬಾಗಿಲು ಕಿತ್ತೊಯ್ಯುವ ಗಾಳಿ.
ಒಳಗೆ, ಸೊನ್ನೆಗಿಂತ ಮೂವತ್ತೆಂಟು ಕೆಳಗೆ,
ಡ್ರಮ್ಮನ್ನು ಸುತ್ತಿ ಸುತ್ತಿ ಏರುವ
ಇಪ್ಪತ್ತೆರಡು ಅಂತಸ್ತಿನ ಸುರುಳಿ.
ಮುನ್ನೂರೈವತ್ತು ಮೀಟರ್ ನೀಲಿ ಪ್ಲಾಸ್ಟಿಕ್ಕು.
ನೀಲಿಯೇ ಯಾಕೆಂದರೆ
ಮೀನಿನ ಮೈಯೊಳಗೆ ಆ ನೀಲಿ ಇಲ್ಲ,
ಚೂರು ಮುರಿದು ಬಿದ್ದರೆ ಕಣ್ಣಿಗೆ ಸಿಗಬೇಕು.

ಬೆಲ್ಟು ಅನ್ನುತ್ತೇವೆ, ಅಷ್ಟೆ.
ಹತ್ತಿರ ಹೋದರೆ ಅಂಗೈಯಗಲದ ತುಂಡುಗಳು,
ಒಂದರ ಬೆರಳ ಸಂದಿಗೆ ಇನ್ನೊಂದರ ಬೆರಳು,
ಎಲ್ಲವನ್ನೂ ಹಾಯ್ದು ಹೋಗುವ ಒಂದು ಕಡ್ಡಿ.
ನೆಟ್ಟಗೆ ಹೋಗುವಾಗ ಎಲ್ಲರೂ ಸಮಾನರು.
ತಿರುವಿನಲ್ಲಿ ತಕರಾರು:
ಹೊರಗಿನವನಿಗೆ ದೂರದ ದಾರಿ,
ಒಳಗಿನವನಿಗೆ ಹತ್ತಿರದ್ದು,
ತಲುಪುವುದು ಮಾತ್ರ ಇಬ್ಬರೂ ಒಟ್ಟಿಗೇ.
ಅದಕ್ಕೆ ಕಡ್ಡಿಯ ತೂತು ದುಂಡಗಿರುವುದಿಲ್ಲ,
ಅಲಸಂದೆ ಕಾಳಿನ ಹಾಗೆ ಉದ್ದ;
ಒಳಗಿನ ತುಂಡುಗಳು ಅದರಲ್ಲಿ ಜಾರಿ
ಒಂದರೊಳಗೊಂದು ಮುದುಡಿಕೊಳ್ಳುತ್ತವೆ.

ಬಲಕ್ಕೆಂದು ಆ ತೂತನ್ನು
ಎರಡು ಮಿಲಿಮೀಟರ್ ಗಿಡ್ಡ ಮಾಡಿದ್ದೆ ನಾನು.
ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ತಿರುಗಿತ್ತು.
ಕಂಪ್ಯೂಟರಿನಲ್ಲಿ ಹಿಮ ಕಟ್ಟುವುದಿಲ್ಲ.

ರಾತ್ರಿ ಪಾಳಿಯ ಸುನ್‌ಲೈಗೆ ಅರವತ್ತೊಂದು.
ಬಿಗಿತ ಅಳೆಯುವ ನನ್ನ ಉಪಕರಣವನ್ನು
ಬೆಕ್ಕು ತಂದಿಟ್ಟ ಇಲಿಯಂತೆ ನೋಡಿದಳು.
ಕೈಗವಸು ಕಳಚಿ, ಚೌಕಟ್ಟಿಗೆ ಬೆರಳೂರಿ ಹೇಳಿದಳು:
"ಡ್ರಮ್ಮು ಒಂದು ಕೂದಲು ಮುಂದೆ ಓಡಬೇಕು,
ಬೆಲ್ಟು ಒಂದು ಕೂದಲು ಜಾರಬೇಕು.
ಅಂಟಿಕೊಂಡರೂ ಕೆಟ್ಟಿತು, ಕೈಬಿಟ್ಟರೂ ಕೆಟ್ಟಿತು.
ನಿನ್ನದು ಮುದುಡಲಾರದೆ ಸೆಟೆದು
ಡ್ರಮ್ಮಿನಿಂದಲೇ ದೂರ ಸರಿಯುತ್ತೆ.
ಆಮೇಲೆ ಎತ್ತು ಏರಿಗೆ, ಕೋಣ ನೀರಿಗೆ."

ನಾನು ತಲೆಯಾಡಿಸಿದೆ. ಒಪ್ಪಿರಲಿಲ್ಲ.

ಶನಿವಾರ ಊರಿನ ಹಾಲ್‌ಗೆ ಕರೆದೊಯ್ದಳು.
ವಾದ್ಯವಿಲ್ಲ, ವೇದಿಕೆಯಿಲ್ಲ.
ಕೈ ಕೈ ಹಿಡಿದು, ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಒಂದು,
ಬಾಯಲ್ಲಿ ಮುಗಿಯದ ಕಥೆ, ಕಾಲಡಿಯಲ್ಲಿ ದಡದಡ ಹಲಗೆ.
ಜನ ಹೆಚ್ಚಿ, ಕೋಣೆ ಸಾಲದಾಗಿ
ಸರಪಳಿ ತನ್ನೊಳಗೇ ಸುತ್ತಿಕೊಳ್ಳತೊಡಗಿತು.
ತಿರುವಿನ ಒಳಮೂಲೆಗೆ ಸಿಕ್ಕಿಬಿದ್ದೆ.
ಎಡಗೈ ಹಾನುಸ್ ಮುದುಕನ ಮುಷ್ಟಿಯಲ್ಲಿ,
ಬಲಗೈ ಅಂಚೆ ಕಚೇರಿಯ ಹೆಂಗಸಿನದರಲ್ಲಿ;
ಶಿಸ್ತಿನ ಮನುಷ್ಯ, ತೋಳು ನೆಟ್ಟಗೆ ಚಾಚಿದ್ದೆ.
ಹಿಂದಿನವರು ತಡವರಿಸಿದರು.
ಆಚೆ, ಹೊರ ಅಂಚಿನಲ್ಲಿ,
ಯಾರದೋ ಹುಡುಗಿ ನೆಲ ಬಿಟ್ಟು ಮೇಲೆದ್ದು
ಕಿರುಚಿದಳು, ಖುಷಿಗೋ ಭಯಕ್ಕೋ.

ಎದುರು ಸಾಲಿನಿಂದ ಸುನ್‌ಲೈ,
ಹಾಡಿನ ಲಯ ತಪ್ಪಿಸದೆ:
"ಮೊಣಕೈ ಮಡಿಸೋ!"

ಮಡಿಸಿದೆ. ಸರಪಳಿ
ನನ್ನನ್ನು ದಾಟಿಕೊಂಡು ಹೋಯಿತು.

ಎರಡು ಮಿಲಿಮೀಟರ್ ವಾಪಸು ಕೊಟ್ಟೆ.
ಅಷ್ಟಕ್ಕೇ ಮುಗಿಯಲಿಲ್ಲ.
ಒಳಗೆ ಕಳೆದ ಬಲಕ್ಕೆ
ಹೊರ ಅಂಚಿನ ಕೊಂಡಿ ದಪ್ಪವಾಗಬೇಕು,
ಅದಕ್ಕೆ ಹೊಸ ಅಚ್ಚು, ಏಳು ವಾರ,
ಮ್ಯಾನೇಜರ್ ಟುಮ್ಮಾಸನ ಫೋನು, ದಿನಕ್ಕೆರಡು.
ಅಷ್ಟರಲ್ಲಿ ಹಡಗುಗಳು
ಬೇರೆ ಬಂದರಿಗೆ ಮೀನು ಇಳಿಸಿದ್ದವು.

ಹೊಸ ಬೆಲ್ಟು ಹಾಕಿದ ದಿನ
ಹಳೆಯದರ ಒಂದು ತುಂಡು ಜೇಬಿಗೆ ಹಾಕಿಕೊಂಡೆ.
ವಿಮಾನ ನಿಲ್ದಾಣದಲ್ಲಿ ಏನಿದು ಎಂದರು.
ಯಾವ ಭಾಷೆಯಲ್ಲೂ ಮಾತು ಒದಗದೆ
ತೋಳು ಮಡಿಸಿ ತೋರಿಸಿದೆ.
ಆತ ನನ್ನ ಭುಜದಾಚೆ, ಮುಂದಿನವರನ್ನು ಕರೆದ.

ಬೆಲ್ಟು ಓಡುತ್ತಿದೆ. ಹದಿನಾಲ್ಕನೇ ಅಂತಸ್ತಿನಲ್ಲಿ ಮಾತ್ರ
ಸುತ್ತಿಗೊಮ್ಮೆ ಎಲ್ಲೋ ಏನೋ
ಬೆರಳು ಮುರಿದ ಹಾಗೆ ಟಿಕ್ ಅನ್ನುತ್ತದೆ.
ಕಾರಣ ನನಗೆ ಗೊತ್ತಿಲ್ಲ.
ತಿಂಗಳಿಗೊಂದು ಸಲ, ಪಾಳಿ ಮುಗಿಸಿ,
ಸುನ್‌ಲೈ ಸಂದೇಶ ಕಳಿಸುತ್ತಾಳೆ:
ಇನ್ನೂ ಇದೆ.