ಹಿಮಕ್ಕೆ ಅಡಿಟಿಪ್ಪಣಿ ಇಲ್ಲ

ಪರೀಕ್ಷೆಗೆ ಇನ್ನು ಒಂಬತ್ತು ರಾತ್ರಿ.
ಕರೆಂಟು ಹೋಗಿ ಎರಡು ದಿನವಾಯಿತು.
ಪಕ್ಕದ ಮನೆಯ ಜನರೇಟರು
ಕೆಮ್ಮಿ, ಕೆಮ್ಮಿ, ಕೊನೆಗೂ ಹೊತ್ತಿಕೊಂಡಿತು.
ಅವರ ಕಿಟಕಿಯಿಂದ ಸೋರುವ ಬೆಳಕಿಗೆ
ಸ್ಟೂಲು ಎಳೆದುಕೊಂಡು ಕೂತಿದ್ದೇನೆ.
ಬಿಟ್ಟಿ ಬೆಳಕು, ಓರೆಯಾಗಿ ಬೀಳುತ್ತದೆ:
ಪುಟದ ಎಡಗಡೆ ಕಾಣುತ್ತದೆ,
ಬಲಗಡೆ ಊಹಿಸಿಕೊಳ್ಳಬೇಕು.

ಒಟ್ಟು ಆರು ಪುಸ್ತಕ.
ಮೂರು ನಮ್ಮವು, ಮೂರು ಅವರವು.
ಒರ್ಟೇಸೆ ಮೇಷ್ಟ್ರು 'ನಮ್ಮವು' ಅನ್ನುವಾಗ ಎದೆ ಮುಟ್ಟಿಕೊಳ್ಳುತ್ತಾರೆ,
'ಅವರವು' ಅನ್ನುವಾಗ ಕನ್ನಡಕ ಸರಿಮಾಡಿಕೊಳ್ಳುತ್ತಾರೆ.
ಪ್ರಶ್ನೆ ಮಾತ್ರ ಎರಡಕ್ಕೂ ಒಂದೇ:
ಸಂದರ್ಭ ಸಹಿತ ಸ್ವಾರಸ್ಯ ವಿವರಿಸಿ.

ನಮ್ಮ ಕಾದಂಬರಿಯ ಕೊನೆಗೆ ಪದಗಳದೊಂದು ಪಟ್ಟಿ.
'ಹೆಗ್ಗೆಣಸು: ಉಷ್ಣವಲಯದಲ್ಲಿ ಬೆಳೆಯುವ ಒಂದು ಗೆಡ್ಡೆ.
ಸ್ಥಳೀಯರು ತಿನ್ನುತ್ತಾರೆ.'
ಅವ್ವನಿಗೆ ಓದಿ ಹೇಳಿದೆ.
ವುರುಕುಂ ವೃತ್ತದಲ್ಲಿ ಇಡೀ ದಿನ
ಬ್ಲೇಡು ಹಿಡಿದು ಕಿತ್ತಳೆ ಹೆರೆದು ಮಾರಿ ಬಂದವಳು
ರಾತ್ರಿಯ ಊಟಕ್ಕೆ
ಬೇಯಿಸಿದ ಅದೇ ಗೆಡ್ಡೆ ಕುಟ್ಟುತ್ತಿದ್ದಳು.
ಎತ್ತಿದ ಒನಕೆ ಎತ್ತಿದಲ್ಲೇ ನಿಂತಿತು.
"ಅದು ಯಾರಿಗೆ ಗೊತ್ತಿಲ್ಲವಂತೆ?"

ಹಿಮದ ಪದ್ಯದ ಕೆಳಗೆ ಒಂದಕ್ಷರವೂ ಇಲ್ಲ.
ಒಬ್ಬ ಮುದುಕಿ, ಒಂದು ಗೇಟು,
ಗೇಟಿನ ಮೇಲೆ ಬೆರಳುದ್ದ ಹಿಮ.
ಹುಟ್ಟಿದವರಿಗೆಲ್ಲ ಗೊತ್ತಿರುವುದೇ ಎಂಬಂತೆ
ಬೀಳುತ್ತದೆ, ಬೀಳುತ್ತಲೇ ಇರುತ್ತದೆ.

ಗುರುವಾರ ಹೆಂಬಾಡೂನ್ ನನ್ನನ್ನು
ಮೀನಿನ ಕೋಲ್ಡ್ ಸ್ಟೋರಿಗೆ ಕರೆದೊಯ್ದಳು.
ಅವಳ ಚಿಕ್ಕಪ್ಪ ಅಲ್ಲಿ ಲೆಕ್ಕ ಬರೆಯುತ್ತಾನೆ.
"ಹೋಗು, ಸಂದರ್ಭ ಸಹಿತ ನೋಡಿಕೋ" ಎಂದು ಒಳಗೆ ತಳ್ಳಿ
ಬಾಗಿಲು ಎಳೆದೇಬಿಟ್ಟಳು.
ಬಂಗುಡೆಯ ಪೆಟ್ಟಿಗೆಗಳು ಕಲ್ಲಾಗಿದ್ದವು.
ನನ್ನ ಉಸಿರು ಬಾಯಿಂದ ಹೊರಬಿದ್ದು
ನನ್ನೆದುರೇ ನಿಂತಿತು.
ಪದ್ಯದ ಏಳನೆಯ ಸಾಲಿನಲ್ಲಿ
ಮುದುಕಿಯ ಉಸಿರು ಅವಳಿಗಿಂತ ಮೊದಲು ಗೇಟು ದಾಟುತ್ತದೆ.
'ಅಲಂಕಾರ, ಎರಡು ಅಂಕ' ಅಂತ ಗುರುತು ಹಾಕಿಕೊಂಡಿದ್ದೆ.
ಅಲಂಕಾರವಲ್ಲ. ಬರೀ ಚಳಿ.
ಓ, ಇದಾ, ಅಂದೆ ಜೋರಾಗಿ,
ಮೀನುಗಳಿಗೆ.

ಕಾದಂಬರಿ ಸೆಕೆಂಡ್ ಹ್ಯಾಂಡ್.
ಮೊದಲ ಪುಟದಲ್ಲಿ: ಸೆಸೂಗ್, ಎಸ್ಸೆಸ್ ಮೂರು, ಬಿ ಸೆಕ್ಷನ್.
ಅಂಚಿನ ತುಂಬ ಅವನ ಪೆನ್ಸಿಲು:
'ಇಂಪಾರ್ಟೆಂಟ್', 'ಬರಬಹುದು', 'ಬಂದೇ ಬರುತ್ತೆ'.
ನೂರ ಮೂರನೆಯ ಪುಟದಲ್ಲಿ ಅಣ್ಣತಮ್ಮಂದಿರಿಬ್ಬರು
ಬದುವಿನ ಆಚೆಗೊಬ್ಬ ಈಚೆಗೊಬ್ಬ ಕೂತು
ಮಾತಿಲ್ಲದೆ ಉಣ್ಣುತ್ತಾರೆ.
ಅಲ್ಲಿ ಸೆಸೂಗ್ ಬರೆದದ್ದು ಎರಡೇ ಪದ:
'ನಮ್ಮ ಅಪ್ಪ'.
ಅಲ್ಲಿಂದಾಚೆಗೆ ಪೆನ್ಸಿಲು ಇಲ್ಲ.
ಪಾಸಾದನೋ, ಪರೀಕ್ಷೆಗೆ ಕೂತನೋ, ಯಾರಿಗೆ ಗೊತ್ತು.
ನಾನೂ ಆ ಪುಟದಲ್ಲಿ ಸುಮಾರು ಹೊತ್ತು ನಿಂತೆ.
ಗೈಡಿನಲ್ಲಿ ಅದಕ್ಕೆ ಉತ್ತರವಿದೆ: 'ಭೂಮಿಯ ವಸ್ತು, ಐದು ಅಂಶಗಳು.'
ಐದನ್ನೂ ಉರು ಹೊಡೆದಿದ್ದೇನೆ.

ಊಟವಾದ ಮೇಲೆ ಅವ್ವ ಕೇಳಿದಳು,
"ಆ ಮುದುಕಿಯದು ಏನಾಯಿತು?"
ನಮ್ಮ ಮಾತಿಗೆ ತಿರುಗಿಸಿ ಹೇಳತೊಡಗಿದೆ.
ಹಿಮಕ್ಕೆ ಮಾತು ಸಿಗಲಿಲ್ಲ,
'ಮೀನಿನಂಗಡಿಯ ಚಳಿ ಮೇಲಿಂದ ಉದುರುತ್ತದೆ' ಅಂದೆ.
ಅವ್ವ ಕಿತ್ತಳೆ ಹೆರೆಯುತ್ತ ಕೇಳುತ್ತಿದ್ದಳು.
ಸಿಪ್ಪೆ ತುಂಡಾಗದೆ
ಮೊಣಕಾಲಿನವರೆಗೆ ಸುರುಳಿ ಇಳಿಯಿತು.
"ಒಳಗಿನಿಂದ ಯಾರೂ ಬಂದು ಗೇಟು ತೆಗೆಯಲಿಲ್ಲವಾ?"

ಹತ್ತು ವರ್ಷದ ಪ್ರಶ್ನೆಪತ್ರಿಕೆಗಳನ್ನು ತಿರುವಿಹಾಕಿದ್ದೇನೆ.
ಈ ಪ್ರಶ್ನೆ ಒಮ್ಮೆಯೂ ಬಂದಿಲ್ಲ.

ಮುಂದಿನ ವರ್ಷ ಈ ಪುಸ್ತಕಗಳನ್ನು ಕೊಳ್ಳುವವಳೇ,
ಹಿಮದ ಪದ್ಯದ ಕೆಳಗೆ ನನ್ನ ಪೆನ್ಸಿಲು ಇದೆ, ನೋಡು:
'ಹಿಮ: ಕೋಲ್ಡ್ ಸ್ಟೋರಿನೊಳಗೆ ಹೋಗಿ
ಬಾಗಿಲು ಹಾಕಿಸಿಕೊಂಡು ನೂರು ಎಣಿಸು.
ಜೊತೆಗೆ ಗೆಳತಿ ಇರಲಿ,
ಬಾಗಿಲು ತೆಗೆಯುವುದಕ್ಕೆ.'

ಜನರೇಟರು ನಿಂತಿತು.
ನಾಟಕದ ಮೂರನೆಯ ಅಂಕ ಇನ್ನೂ ಮುಟ್ಟೇ ಇಲ್ಲ.