ಕಾಲಿಂಚಿನ ಬೋಲ್ಟು

ಭೋಸರಿಯ ನಮ್ಮ ಶೆಡ್ಡಿಗೆ ಕೇತಕಿಬಾಯಿ ಬಂದದ್ದು
ಮೇ ತಿಂಗಳ ನಡುಮಧ್ಯಾಹ್ನ, ತಗಡು ಚಟಚಟ ಅನ್ನುವಾಗ.
ಹಲ್ಲಿನ ಡಾಕ್ಟರು. ಬಾಯಿ ಅಂದ್ರ ಇಲ್ಲಿ ಹೆಂಗಸು,
ನಮ್ಮ ಕಡೆ ಹಲ್ಲಿರೋ ಜಾಗ; ಎರಡೂ ಸರಿನ ಬಿಡ್ರಿ.
ಆಕಿ ಕಾರಿನ ಹಿಂದಿನ ಸೀಟು ಕಿತ್ತು
ಒಳಗ ಪೈಪಿನ ಪಂಜರ ಬೆಸೆದವ ನಾನ, ಹೋದ ದೀಪಾವಳಿಗೆ.
ಈಗ ಅಂಗೈ ಮ್ಯಾಲ ಕ್ಯಾಮೆರಾ ಹಿಡಕೊಂಡು ನಿಂತಾಳ,
ಬೆಲ್ಲದಚ್ಚಿನಷ್ಟು, ಒಂದ ಕಣ್ಣು.

"ಮೂರನೇ ತಿರುವಿನ್ಯಾಗ ಎರಡು ಸೆಕೆಂಡು ಕಳಕೋತೀನಿ ಮಿಸ್ತ್ರಿ,
ಎಲ್ಲಿ ಅಂತ ತಿಳೀವಲ್ದು. ಇದು ನೋಡಿ ಹೇಳ್ಲಿ."
ಹೇಳಿದ್ದು ಮರಾಠಿಯಾಗ. ನಾ ಇಂಡಿ ತಾಲೂಕಿನವ,
ಬಂದು ಇಪ್ಪತ್ತೆರಡು ವರ್ಷ; ಲೆಕ್ಕ ಮಾತ್ರ ಇನ್ನೂ ಕನ್ನಡದಾಗ.

ಗಾಜಿಗೆ ಅಂಟೋ ರಬ್ಬರ್ ಬಟ್ಟಲು ತಂದಿದ್ಳು ಪ್ಯಾಟಿಯಿಂದ.
ಎಂಜಲು ಹಚ್ಚಿ ಒತ್ತಿದ್ವಿ. ಚಹಾ ಬರೋದ್ರಾಗ ಬಿತ್ತು.
ನಿಂತ ಕಾರಿನ್ಯಾಗ ಬಿದ್ದದ್ದು ಚಲೋ ಆತು, ಅಂದೆ.
ನೂರಾ ಮೂವತ್ತರಾಗ ಬ್ರೇಕ್ ಒತ್ತಿದಾಗ
ಬಿಚ್ಚಿದ್ದು ಸಾಮಾನಲ್ಲ ಬಾಯಿ, ಬೀಸಿ ಒಗದ ಕಲ್ಲು.
ನಿಮ್ಮ ಹಲ್ಲು ಯಾರು ಕಟ್ಟವರು?

ಕ್ಲ್ಯಾಂಪು ಮಾಡೋದು ಅರ್ಧ ದಿನದ ಕೆಲಸ.
ಪೈಪು ಮೂವತ್ತೆಂಟು ಮಿಲಿ, ಅಲ್ಯುಮಿನಿಯಂ ಕೊರದು ಎರಡು ಹೋಳು,
ನಡುವ ಸೈಕಲ್ ಟ್ಯೂಬಿನ ಒಂದು ಪದರ.
ಆದ್ರ ಕ್ಯಾಮೆರಾದ ಹೊಟ್ಟಿಯಾಗಿನ ಥ್ರೆಡ್ಡು ಇಂಚಿಂದು!
ನನ್ನ ಡಬ್ಬಿಯಾಗ ಎಲ್ಲಾ ಮಿಲಿಮೀಟರು.
ಆರರ ಬೋಲ್ಟು ಎರಡು ಸುತ್ತು ಹೋಗಿ ಹಟ ಹಿಡಿತು,
ಬ್ಯಾರೆಯವ್ರ ಚಪ್ಪಲ್ಯಾಗ ಕಾಲಿಟ್ಟಂಗ.

ಬಸ್ಸು ಹಿಡದು ಬೋಹರಿ ಆಳಿ.
ತಾಹೇರ್ ಸೇಠ್ ಕನ್ನಡಕ ಹಣಿಗೇರಿಸಿ
ಡ್ರಾ ಮ್ಯಾಲ ಡ್ರಾ ಎಳದು, ಕಡೀಕ ಒಂದ ಒಂದು ತಗದ:
"ಕಾಲಿಂಚು. ಇಂಗ್ರೇಜ ಹೋದ, ಇದನ್ನ ಬಿಟ್ಟು ಹೋದ.
ಹನ್ನೆರಡು ರೂಪಾಯಿ."

ಹಿಂದಿಂದು ಕಾಣೋ ಕನ್ನಡಿ ಪಕ್ಕ, ಮುಂದಿನ ಪೈಪಿಗೆ ಕೂಡಿಸಿದೆ,
ಆಕಿ ಮಾರಿ ಕಾಣಂಗ.
ಬಿಗಿ ಬಿಟ್ರೂ ಜೋತು ಬೀಳಲಿ ಅಂತ ಒಂದು ತಂತಿ.
ಚಾಕಣದಾಚೆ ಟ್ರ್ಯಾಕಿನ್ಯಾಗ ಮಾರ್ಷಲ್ ಹುಡುಗ
ಕೈ ಹಾಕಿ ಜಗ್ಗಿದ, ಜೋತಾಡಿ ನೋಡಿದ.
ಕಾರು ಅಲುಗಿತು. ಕ್ಯಾಮೆರಾ ಇಲ್ಲ.

ರಾತ್ರಿ ವೆಲ್ಡಿಂಗ್ ಟೇಬಲ್ ಮ್ಯಾಲ ಲ್ಯಾಪ್‌ಟಾಪ್ ಇಟ್ಟು ನೋಡಿದ್ವಿ.
ಮೊದಲ ಹನ್ನೊಂದು ಸೆಕೆಂಡು ನನ್ನ ಹೆಬ್ಬೆರಳು, ಸುಟ್ಟ ಕಲೆ ಸಮೇತ.
ಆಮ್ಯಾಲ ಆಕಿ. ಗೇರು. ಉಸುರು.
ಒಂದನೇ ತಿರುವು, ಎರಡನೇದು,
ಮೂರನೇದು ಬರೋದ್ರಾಗ
ಕಣ್ಣು ರಸ್ತೆ ಬಿಟ್ಟು ಮ್ಯಾಲ ಹೋತು. ಕನ್ನಡಿಗೆ.
ಮುಂದಿನ ಸುತ್ತು. ಮತ್ತ ಕನ್ನಡಿ.
ಹತ್ತು ಸುತ್ತು, ಹತ್ತು ಸಲ.

"ಹಿಂದ ಯಾರರೆ ಇದ್ರೇನು?"
"ಇಲ್ಲ. ನಾ ಒಬ್ಬಾಕಿನ ಓಡಿಸ್ತಿದ್ದೆ."
ಚಹಾದ ಗ್ಲಾಸು ತಿರುಗಿಸ್ಕೋತ ಕೂತ್ಳು ಭಾಳ ಹೊತ್ತು.
ನಾ ಹಳೇ ಪಾನಾ ಒರಸ್ಕೋತ ಕೂತೆ.
ಯಾರು ಬರ್ತಾರಂತ ನೋಡ್ತಿದ್ಳೋ, ಕೇಳಾಕ ನಾ ಯಾರು?
ಕಡೀಕ ಅಂದ್ಳು:
"ಕಿತ್ತು ಹಿಂದ ಹಾಕು, ಹೆಗಲ ಹಿಂದ.
ಅಲ್ಲಿ ಅದು ಕೂತಿರ್ಲಿ."

ಕೂಡಿಸಿದೆ. ಅದ ಬೋಲ್ಟು.
ಒಂದೂವರಿ ಸೆಕೆಂಡು ಸಿಕ್ತು. ಉಳಿದ ಅರ್ಧ ಇನ್ನೂ ಎಲ್ಲೈತೋ.
ಹೊಸ ಪಿಕ್ಚರಿನ್ಯಾಗ ಮಾರಿ ಇಲ್ಲ,
ಎರಡು ಕೈ, ಸ್ಟೀರಿಂಗು, ಗಾಜಿನಾಚೆ ಬಯಲು.
"ನಡುಗ್ತೈತಲ್ಲೋ ಮಿಸ್ತ್ರಿ, ಸಡಿಲಾತೇನು?"

ಸರಿಯಾಗಿ ನೋಡ್ರಿ ಬಾಯಿ.
ಸ್ಟೀರಿಂಗ್ ನಡುಗವಲ್ದು. ಪೈಪು ನಡುಗವಲ್ದು. ನಿಮ್ಮ ಕೈ ನಡುಗವಲ್ದು.
ಬೋಲ್ಟು ಬಿಗಿ ಇದ್ರ ಹಿಂಗ:
ಕಾರು ನಿಂತಂಗ ಕಾಣ್ತೈತಿ,
ಕುಣಿಯೋದು ಚಾಕಣದ ಗುಡ್ಡ.