ಕೊಂಡ ಕೊಂಡಿ

ಚಿಕ್ಕಪ್ಪ ಎಲ್ಗುಜಾ ಕಟ್ಟುವ ಗುಡಾಣದೊಳಗೆ
ನಾನು ನಿಂತರೆ ಹೊರಗಿನವರಿಗೆ ತಲೆ ಕಾಣದು.
ಮೂರು ತಿಂಗಳು ಮಣ್ಣಿನ ಸುರುಳಿಯ ಮೇಲೆ ಸುರುಳಿ,
ಏಳು ದಿನ ಆವಿಗೆಯ ಬೆಂಕಿ, ಒಳಮೈಗೆ ಜೇನುಮೇಣ,
ಆಮೇಲೆ ಕತ್ತಿನವರೆಗೆ ನೆಲದಲ್ಲಿ ಹೂಳಿ, ದ್ರಾಕ್ಷಿರಸ.
ಇಮೆರೆತಿಯ ಈ ಗುಡ್ಡದಲ್ಲಿ ಉಳಿದ ಕುಂಬಾರರು ಐವರು.
ಅಂತರ್ಜಾಲದಲ್ಲಿ ಹುಡುಕಿ ನೋಡಿ:
ಅವನು ಅರವತ್ತೊಂದನೆಯವನು.

ತಾಣ ಮಾಡಿದವಳು ನಾನು. ಆರು ಚಿತ್ರ, ಒಂದು ಫೋನ್ ನಂಬರು,
‘ಬರುವ ಮೊದಲು ತಿಳಿಸಿ, ನಾಯಿ ಇದೆ’ ಎಂಬ ಸಾಲು.
“ಮೊದಲನೆಯವನು ಯಾರು?”
ಬಟುಮಿಯ ಒಂದು ಅಂಗಡಿ. ಪ್ಲಾಸ್ಟಿಕ್ಕಿನವೂ ಸಿಗುತ್ತವಂತೆ.
“ಅವನದು ಚೆನ್ನಾಗಿದೆ ಅಂತ ಹೇಳಿದವರು ಯಾರು?”
ಅದೇ, ಚಿಕ್ಕಪ್ಪ. ಅದೇ ಲೆಕ್ಕ.

ಒಂದು ಪುಟ ಇನ್ನೊಂದರ ಕಡೆ ಬೆರಳು ತೋರಿದರೆ, ಕೊಂಡಿ.
ಎಷ್ಟು ಬೆರಳೆಂದು ಎಣಿಸುತ್ತಾರೆ, ಯಾರ ಬೆರಳೆಂದು ತೂಗುತ್ತಾರೆ.
ತೋರುವವನ ತೂಕ ಅವನನ್ನು ತೋರಿದವರಿಂದ,
ಅವರ ತೂಕ ಅವರನ್ನು ತೋರಿದವರಿಂದ...
“ಹಾಗಾದರೆ ಮೊದಲ ತೂಕ ಎಲ್ಲಿಂದ ಬಂತು?”
ಎಲ್ಲರಿಗೂ ಒಂದೊಂದು ಲೋಟ ಕೊಟ್ಟು ಶುರು, ಎಂದೆ.
ಪ್ರತಿ ಗುಡಾಣಕ್ಕೂ ತೂತು, ತೂತಿನಿಂದ ಇನ್ನೊಂದಕ್ಕೆ ಕೊಳವೆ.
ನೂರು ತೂತಿನವನ ರಸ ನೂರು ಪಾಲು, ಹನಿ ಹನಿ;
ಒಂದೇ ತೂತಿನವನು ಕೊಟ್ಟರೆ ಧಾರೆ.
ಸುರಿದು, ತುಂಬಿ, ಮತ್ತೆ ಸುರಿದು,
ಮಟ್ಟಗಳು ಅಲುಗದೆ ನಿಂತ ಹೊತ್ತಿಗೆ
ಅಳತೆಕೋಲು ಇಳಿಬಿಡುತ್ತಾರೆ.
ಚಿಕ್ಕಪ್ಪ ಉಗುರಿನ ಮಣ್ಣು ಕೆರೆದ:
“ತೂತಿನ ಗುಡಾಣ ನಾನು ಮಾಡುವುದಿಲ್ಲ.”

ಅವನಿಗೆ ಹೇಳದೆ ಕೊಂಡೆ.
ಕುತೈಸಿಯ ಬಸ್ ನಿಲ್ದಾಣದ ಮೇಲಿನ ಕೋಣೆಯಲ್ಲಿ
ಬಾಚೋ ಎಂಬ ಹುಡುಗ, ಕಿವಿಯಲ್ಲಿ ಹಾಡು.
ಎರಡು ಸಾವಿರ ಕೊಂಡಿ. ಕಾಸಿಗೊಂದು, ಕೊಸರಿಗೆರಡು.
ಜೂಜುಕಟ್ಟೆ, ಕೂದಲೆಣ್ಣೆ, ಹಳೆ ಟೈರು,
ಮುಚ್ಚಿಹೋದ ಶಾಲೆಯೊಂದರ ಪಾಳುಬಿದ್ದ ವಿಳಾಸ:
ಎಲ್ಲರೂ ಒಂದೇ ರಾತ್ರಿ
ಎಲ್ಗುಜಾನ ಗುಡಾಣವೇ ಗುಡಾಣ ಎಂದು ಕೂಗಿದರು.
ಹನ್ನೊಂದು ದಿನ ಅವನು ನಾಲ್ಕನೆಯವನು.
ಹ್ಯಾಂಬರ್ಗಿನಿಂದ ಒಂದು ಫೋನ್ ಬಂತು.
ಇಬ್ಬರೂ ಬಹಳ ಹೊತ್ತು ಮಾತಾಡಿದರು, ಇಬ್ಬರಿಗೂ ತಿಳಿಯಲಿಲ್ಲ.
ಹನ್ನೆರಡನೆಯ ಬೆಳಿಗ್ಗೆ ಹುಡುಕಿದೆ.
ಅರವತ್ತೊಂದರಲ್ಲಿಲ್ಲ. ಆರುನೂರರಲ್ಲಿಲ್ಲ.
ಕೊಂಡ ಕೊಂಡಿ ಚೇಳಿನದಾಗಿತ್ತು.

ಹೇಳಿದೆ. ಬೈಯಲಿಲ್ಲ.
ಅಂಗಳಕ್ಕಿಳಿದು ಒಂದು ಗುಡಾಣವನ್ನು ಬೆರಳ ಗೆಣ್ಣಿನಿಂದ ತಟ್ಟಿದ,
ಕಿವಿಗೊಟ್ಟ, ಮುಂದಿನದನ್ನು ತಟ್ಟಿದ.
ಬಿರುಕಿದ್ದರೆ ದನಿ ಒಡೆಯುತ್ತದೆ; ನನಗೂ ಗೊತ್ತು.
ಐದನೆಯದು ಒಡೆಯಿತು. ಪಕ್ಕಕ್ಕೆ ಉರುಳಿಸಿದ. ಅಷ್ಟೆ.

ಚಳಿಗಾಲವಿಡೀ ಎರಡು ಸಾವಿರ ಹೆಸರು ಪಟ್ಟಿ ಮಾಡಿ
‘ಇವರು ನಮ್ಮವರಲ್ಲ’ ಎಂದು ಬರೆದು ಕಳಿಸಿದೆ.
ಯಾರಿಗೆ ಕಳಿಸಿದೆನೋ, ಯಾರು ಓದಿದರೋ.

ಮಾರ್ಚಿನಲ್ಲಿ ಒಂದು ಬೆರಳು ಕಂಡಿತು.
ಕಖೇತಿಯ ತ್ಸಿಸಾನಾ, ಭೂಗೋಳ ಕಲಿಸಿ ನಿವೃತ್ತಳಾದವಳು,
ತನ್ನ ಬಳ್ಳಿಗಳ ದಿನಚರಿ ಬರೆಯುತ್ತಾಳೆ.
ಅವಳನ್ನು ತೋರುವವರೆಲ್ಲ ರುಚಿ ಬಲ್ಲವರು.
ಆ ಪುಟದಲ್ಲಿ ಅಡಿಗೆರೆಯೆಳೆದ ನೀಲಿ ಹೆಸರು ಒಂದೇ: ಎಲ್ಗುಜಾ.
ಆವಿಗೆಯ ಬಳಿಗೆ ಓಡಿ ಓದಿ ಹೇಳಿದೆ:
‘ಈ ಗುಡಾಣ ಎಲ್ಗುಜಾ ಮಾಡಿದ್ದು. ಒಂಬತ್ತು ವರ್ಷವಾಯಿತು.
ಈ ಸಲ ಕತ್ತಿನ ಬಳಿ ಸ್ವಲ್ಪ ಬೆವರುತ್ತಿದೆ.’
ನಾವೀಗ ಮೂವತ್ತೆಂಟು, ಚಿಕ್ಕಪ್ಪ!
“ಗೋಡೆಯ ಕಡೆಯೋ, ಬಾಗಿಲ ಕಡೆಯೋ?”
ಏನು?
“ಬೆವರುವುದು.”

ಅದನ್ನು ಬರೆದಿರಲಿಲ್ಲ.
ಗುರುವಾರದ ಮೊದಲ ವ್ಯಾನಿಗೆ ಹೊರಟ,
ತೊಡೆಯ ಮೇಲೆ ಮೇಣದ ಡಬ್ಬಿ.
ಜೇಬಿನಲ್ಲಿ ನಾನು ಬರೆದುಕೊಟ್ಟ ಚೀಟಿ, ಅವಳ ಊರಿನ ಹೆಸರು;
ಅದರಡಿಗೆ ಪೆನ್ಸಿಲಿನಲ್ಲಿ
ಅವನೇ ಎಳೆದುಕೊಂಡ ಗೆರೆ.